ಕೊನೆಯ ಪುಟ ಇಲ್ಲದ ಪುಸ್ತಕಗಳು

ತಿಪಟೂರಿನಲ್ಲಿ ನಮ್ಮ ಮನೆಯಿಂದ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ, ಸೈಕಲ್ ಷಾಪಿಗೂ ಹಿಟ್ಟಿನ ಗಿರಣಿಗೂ ನಡುವೆ ಒಂದು ಬಾಡಿಗೆ ಪುಸ್ತಕದ ಅಂಗಡಿ ಇತ್ತು. ಅಂಗಡಿ ಅನ್ನುವುದಕ್ಕಿಂತ ಗೂಡು ಅಂದರೆ ಸರಿ. ಒಳಗೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲುವ ಹಾಗಿರಲಿಲ್ಲ. ಗಿರಣಿಯ ಹಿಟ್ಟು ಹಾರಿ ಬಂದು ಪುಸ್ತಕಗಳ ತಲೆಯ ಮೇಲೆ ಕೂರುತ್ತಿತ್ತು. ಅದಕ್ಕೇ ಇರಬೇಕು, ಪತ್ತೇದಾರಿ ಕಾದಂಬರಿ ಅಂದರೆ ನನ್ನ ಮೂಗಿಗೆ ಈಗಲೂ ರಾಗಿ ಹಿಟ್ಟಿನ ವಾಸನೆ ಬರುತ್ತದೆ. ಒಂದು ರೂಪಾಯಿ ಠೇವಣಿ, ದಿನಕ್ಕೆ ಹತ್ತು ಪೈಸೆ. ಎರಡನೇ ದಿನಕ್ಕೆ ಹೋದರೆ ಇನ್ನೂ ಹತ್ತು ಪೈಸೆ. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲ ಕೊಲೆಗಳೂ ಒಂದೇ ದಿನದಲ್ಲಿ ಪತ್ತೆಯಾಗಬೇಕಿತ್ತು.

ತರುವವಳು ನಾನು, ಓದುವವರು ದೊಡ್ಡಮ್ಮ. ನಾನು ಕದ್ದು ಓದುತ್ತಿದ್ದೆ ಅನ್ನುವುದು ಅವರಿಗೆ ಗೊತ್ತಿತ್ತು. ಗೊತ್ತಿದೆ ಅನ್ನುವುದು ನನಗೂ ಗೊತ್ತಿತ್ತು. ಪುಸ್ತಕಕ್ಕೆ ಅಂಗಡಿಯವರೇ ರಟ್ಟು ಹಾಕಿ, ಮೂರು ಕಡೆ ತೂತು ಕೊರೆದು, ಗೋಣಿ ದಾರದಿಂದ ಹೊಲಿದು, ಮೇಲೆ ಕಂದು ಕಾಗದ ಅಂಟಿಸಿರುತ್ತಿದ್ದರು. ಆ ಹೊಲಿಗೆ ಎಷ್ಟು ಬಿಗಿ ಅಂದರೆ ಸಾಲಿನ ಮೊದಲ ಎರಡು ಅಕ್ಷರ ಹೊಲಿಗೆಯೊಳಗೇ ಹೋಗಿರುತ್ತಿದ್ದವು. ಅವನ್ನು ಊಹೆಯಿಂದಲೇ ಓದಿಕೊಳ್ಳಬೇಕು. ಯಾರೋ ಪುಣ್ಯಾತ್ಮ ಇಪ್ಪತ್ತನೇ ಪುಟದಲ್ಲೇ ಪೆನ್ಸಿಲಿನಲ್ಲಿ ‘ಇವನೇ ಕೊಲೆಗಾರ’ ಅಂತ ಬಾಣದ ಗುರುತು ಹಾಕಿರುತ್ತಿದ್ದ. ದೊಡ್ಡಮ್ಮ ಅವನ ವಂಶಕ್ಕೆಲ್ಲ ಶಾಪ ಹಾಕಿ, ಆಮೇಲೆ ‘ಇವನು ಸುಳ್ಳು ಬರೆದಿರ್ತಾನೆ ಬಿಡು’ ಅಂತ ಸಮಾಧಾನ ಮಾಡಿಕೊಂಡು ಓದು ಮುಂದುವರಿಸುತ್ತಿದ್ದರು.

ಒಂದು ಸಲ ತಂದ ಪುಸ್ತಕಕ್ಕೆ ಕೊನೆಯ ಪುಟವೇ ಇರಲಿಲ್ಲ. ಚಿಕ್ಕಮಗಳೂರಿನ ಕಡೆಯ ಕಾಫಿ ತೋಟದ ಬಂಗಲೆ. ಯಜಮಾನ ಸತ್ತಿದ್ದಾನೆ. ಮನೆಯಲ್ಲಿ ಅವನ ಅಣ್ಣನ ಮಗ, ಮನೆ ಡಾಕ್ಟರು, ಅಡಿಗೆಯವನು. ಪತ್ತೇದಾರ ಎಲ್ಲರನ್ನೂ ಹಾಲಿನಲ್ಲಿ ಕೂಡಿಸಿ, ಸಿಗರೇಟು ಹಚ್ಚಿ, ಇನ್ನೇನು ಹೆಸರು ಹೇಳಬೇಕು, ಅಲ್ಲಿಗೆ ಪುಸ್ತಕ ಮುಗಿದಿತ್ತು. ಬಹುಶಃ ಯಾರದೋ ಮನೆಯಲ್ಲಿ ಕಡಲೆಪುರಿಯ ಪೊಟ್ಟಣವಾಗಿರಬೇಕು ಆ ಪುಟ. ನಾನು ಅಳುವ ಹಾಗಾಗಿದ್ದೆ. ದೊಡ್ಡಮ್ಮ ಒಲೆಗೆ ತೆಂಗಿನ ಸೋಗೆ ತುರುಕುತ್ತಾ, ‘ಅದಕ್ಯಾಕೆ ಅಳ್ತೀಯ, ನಾನು ಹೇಳ್ತೀನಿ ಕೇಳು’ ಅಂದು ಕೊನೆಯ ಪುಟವನ್ನು ಬಾಯಲ್ಲೇ ಹೇಳಿದರು. ಪತ್ತೇದಾರನ ಮಾತು, ಕೊಲೆಗಾರನ ತಪ್ಪೊಪ್ಪಿಗೆ, ಪೊಲೀಸರ ಬೇಡಿ, ಎಲ್ಲ ಇತ್ತು ಅದರಲ್ಲಿ. ಕೊಲೆಗಾರ ಅಡಿಗೆಯವನು.

ಆ ಪುಸ್ತಕ ಬರೆದವರು ಯಾರು? ನನಗೆ ನೆನಪಿಲ್ಲ. ನೆನಪಿಲ್ಲ ಅನ್ನುವುದೂ ತಪ್ಪು, ನೋಡಿಯೇ ಇರಲಿಲ್ಲ. ರಟ್ಟಿನ ಮೇಲೆ ಅಂಗಡಿಯ ನಂಬರು ಇರುತ್ತಿತ್ತೇ ಹೊರತು ಬರೆದವರ ಹೆಸರಲ್ಲ. ದೊಡ್ಡಮ್ಮ ಕೇಳುತ್ತಿದ್ದುದೂ ಹೀಗೇ: ‘ಪುರುಷೋತ್ತಮಂದು ಇದ್ದರೆ ತಗೊಂಡು ಬಾ.’ ಪುರುಷೋತ್ತಮ ಅಂದರೆ ಪತ್ತೇದಾರ. ಆ ಪುರುಷೋತ್ತಮನನ್ನು ಹುಟ್ಟಿಸಿದ ಎನ್. ನರಸಿಂಹಯ್ಯನವರು ನಾಲ್ಕನೇ ತರಗತಿಯಾಚೆ ಓದಲಿಲ್ಲ, ಬಸ್ ಕಂಡಕ್ಟರಾಗಿದ್ದರು, ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು ಅನ್ನುವುದು ನನಗೆ ತಿಳಿದದ್ದು 2011ರಲ್ಲಿ ಅವರು ತೀರಿಕೊಂಡಾಗ. ನಾವು ಕೈಯಲ್ಲಿ ಹಿಡಿದು ಮೆರೆಸುವ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಕಾರರು ಅನ್ನುವುದೂ ಅಷ್ಟೇ ತಡವಾಗಿ ಗೊತ್ತಾಯಿತು. ಇಷ್ಟೊಂದು ಓದಿದ ನಮಗೆ ಓದಿಸಿದವರ ಗುರುತೇ ಇಲ್ಲ.

ಇದೆಲ್ಲ ಈಗ ಯಾಕೆ ನೆನಪಾಯಿತು ಅಂದರೆ, ಹೋದ ವರ್ಷ ಮಗಳ ಮನೆಗೆ ಅಂತ ಮೆಲ್ಬರ್ನಿಗೆ ಹೋಗಿ ಮೂರು ತಿಂಗಳು ಇದ್ದೆ. ಮಗಳು ಅಳಿಯ ಕೆಲಸಕ್ಕೆ ಹೋದರೆ ನನಗೆ ಹೊತ್ತು ಹೋಗದು. ಸ್ವಾನ್‌ಸ್ಟನ್ ಬೀದಿಯಲ್ಲಿ ಅಲ್ಲಿನ ಸ್ಟೇಟ್ ಲೈಬ್ರರಿ ಇದೆ. 1856ರಲ್ಲಿ ಬಾಗಿಲು ತೆರೆದದ್ದು. ಒಳಗೆ ಎಂಟು ಮೂಲೆಯ ದೊಡ್ಡ ಗುಮ್ಮಟದ ಓದುಕೋಣೆ. ತಲೆಯೆತ್ತಿ ನೋಡಿದರೆ ಕತ್ತು ನೋಯುತ್ತದೆ. ಅಲ್ಲಿ ಯಾರೂ ‘ಏನು ಬೇಕಿತ್ತಮ್ಮ’ ಅಂತ ಗದರಿಸುವುದಿಲ್ಲ. ದಿನಾ ಹೋಗಿ ಕೂರಲು ಶುರು ಮಾಡಿದೆ. ಪತ್ತೇದಾರಿ ಕತೆಗಳ ಹುಚ್ಚು ಅಂತ ನಾನು ಹೇಳಿದ ಮೇಲೆ ಅಲ್ಲಿನ ಒಬ್ಬಾಕೆ ಒಂದು ಹೆಸರು ಬರೆದುಕೊಟ್ಟಳು: ಮೇರಿ ಫಾರ್ಚೂನ್.

ಫಾರ್ಚೂನ್ ಅಂದರೆ ಅದೃಷ್ಟ. ಆ ಅದೃಷ್ಟ ಆಕೆಗೆ ಗಂಡನ ಮನೆಯ ಹೆಸರಾಗಿ ಬಂದದ್ದು ಬಿಟ್ಟರೆ ಬೇರೆ ಯಾವ ದಾರಿಯಲ್ಲೂ ಬಂದ ಹಾಗೆ ಕಾಣಲಿಲ್ಲ.

ಹುಟ್ಟಿದ್ದು 1833ರ ಸುಮಾರಿಗೆ, ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ. ತಾಯಿಯಿಲ್ಲದ ಹುಡುಗಿ. ಅಪ್ಪ ಜಾರ್ಜ್ ವಿಲ್ಸನ್ ಮಗಳನ್ನು ಕಟ್ಟಿಕೊಂಡು ಕೆನಡಾಕ್ಕೆ ಹೋದ. 1851ರಲ್ಲಿ ಅಲ್ಲೇ ಜೋಸೆಫ್ ಫಾರ್ಚೂನ್ ಎಂಬ ಸರ್ವೇಯರ್ ಜೊತೆ ಮದುವೆ. ಒಂದು ಗಂಡು ಮಗು. ಅದೇ 1851ರಲ್ಲಿ ಭೂಮಿಯ ಇನ್ನೊಂದು ತುದಿಯಲ್ಲಿ, ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ, ಚಿನ್ನ ಸಿಕ್ಕಿತು. ಜಗತ್ತಿನ ಮೂಲೆಮೂಲೆಯಿಂದ ಜನ ಗುದ್ದಲಿ ಹಿಡಿದು ಹಡಗು ಹತ್ತಿದರು. ಆ ಅಪ್ಪನೂ ಹತ್ತಿದ. 1855ರಲ್ಲಿ ಮಗಳು ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಅಪ್ಪನ ಹಿಂದೆ ಹೊರಟಳು. ಗಂಡ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದನ್ನು ಊಹಿಸುವುದು ನನ್ನ ಕೆಲಸವಲ್ಲ. ಆದರೆ ಇಪ್ಪತ್ತೆರಡರ ಹೆಣ್ಣುಮಗಳು ಗಂಡನನ್ನು ಬಿಟ್ಟು, ಕೂಸನ್ನು ಕಟ್ಟಿಕೊಂಡು ತಿಂಗಳುಗಟ್ಟಲೆ ಸಮುದ್ರದ ಮೇಲೆ ಬರುತ್ತಾಳೆ ಅಂದರೆ ಅವಳಿಗೆ ಎರಡರಲ್ಲಿ ಒಂದಾದರೂ ಇರಬೇಕು: ಬಹಳ ಧೈರ್ಯ, ಇಲ್ಲವೇ ಹಿಂದಿರುಗಿ ನೋಡಲಾರದಷ್ಟು ಬೇಸರ.

ಚಿನ್ನದ ಬಯಲು ಅಂದರೆ ಊರಲ್ಲ. ಡೇರೆಗಳ ಸಂತೆ. ಇವತ್ತು ಇಲ್ಲಿ ಚಿನ್ನ ಸಿಕ್ಕಿತು ಅಂದರೆ ರಾತ್ರೋರಾತ್ರಿ ಸಾವಿರಾರು ಜನ, ನಾಳೆ ಇನ್ನೊಂದು ಕಡೆ ಸಿಕ್ಕಿತು ಅಂದರೆ ಡೇರೆ ಕಿತ್ತುಕೊಂಡು ಅತ್ತ. ಉಳಿಯುವುದು ಗುಂಡಿಗಳು ಮಾತ್ರ. ಅಪ್ಪ ಅಲ್ಲಿ ಅಂಗಡಿ ಇಟ್ಟಿದ್ದ. ಮೇರಿ ಆ ಬಯಲಿಂದ ಈ ಬಯಲಿಗೆ ಅಲೆದಳು. 1856ರಲ್ಲಿ ಇನ್ನೊಂದು ಗಂಡು ಮಗುವಾಯಿತು. ಜನನದ ದಾಖಲೆಯಲ್ಲಿ ತಂದೆಯ ಹೆಸರು ಕೆನಡಾದಲ್ಲಿದ್ದ ಗಂಡನದೇ, ಆದರೆ ಆತ ಈ ನೆಲಕ್ಕೆ ಕಾಲಿಟ್ಟ ಗುರುತಿಲ್ಲ. 1858ರಲ್ಲಿ ದೊಡ್ಡ ಮಗ ತೀರಿಕೊಂಡ. ಅದೇ ವರ್ಷ ಡನೋಲಿ ಎಂಬ ಊರಿನಲ್ಲಿ ಪರ್ಸಿ ರೋಲೋ ಬ್ರೆಟ್ ಎಂಬ ಕುದುರೆ ಪೊಲೀಸನನ್ನು ಮದುವೆಯಾದಳು. ಮೊದಲ ಗಂಡ ಆಗಿನ್ನೂ ಬದುಕಿದ್ದ. ಆ ಸಂಸಾರವೂ ಬಹುಕಾಲ ನಿಲ್ಲಲಿಲ್ಲ.

ಆದರೆ ಆ ಪೊಲೀಸಪ್ಪ ಒಂದು ಆಸ್ತಿ ಕೊಟ್ಟು ಹೋದ ಅನ್ನಿಸುತ್ತದೆ. ಠಾಣೆಯ ಮಾತು. ಹೆಣ ಸಿಕ್ಕರೆ ಯಾರು ಮೊದಲು ಹೋಗುತ್ತಾರೆ, ಕುದುರೆಯ ಗೊರಸಿನ ಗುರುತನ್ನು ಹೇಗೆ ಓದುತ್ತಾರೆ, ಚಿನ್ನ ಕದ್ದವನು ಹೆಂಡದಂಗಡಿಯಲ್ಲಿ ಹೇಗೆ ಸಿಕ್ಕಿಬೀಳುತ್ತಾನೆ ಇಂಥವೆಲ್ಲ. ಲಂಡನ್ನಿನ ಬೆಚ್ಚನೆ ಕೋಣೆಯಲ್ಲಿ ಕೂತು ಬರೆಯುವವರಿಗೆ ಇದು ಸಿಗುವಂಥದ್ದಲ್ಲ.

ಬರೆಯುವ ಚಾಳಿ ಮೊದಲಿನಿಂದಲೂ ಇತ್ತು. ಚಿನ್ನದ ಬಯಲಿನ ‘ಮೌಂಟ್ ಅಲೆಕ್ಸಾಂಡರ್ ಮೇಲ್’ ಎಂಬ ಪತ್ರಿಕೆಗೆ ಪದ್ಯ ಕಳಿಸುತ್ತಿದ್ದಳು. ಅದರ ಸಂಪಾದಕ ಮೆಚ್ಚಿ, ಕೆಲಸಕ್ಕೆ ಬನ್ನಿ ಅಂತ ಕರೆದನಂತೆ, ಗಂಡಸು ಅಂದುಕೊಂಡು. ಹೆಂಗಸು ಅಂತ ತಿಳಿದ ಮೇಲೆ ಆ ಕೆಲಸ ಆಗಲಿಲ್ಲ. ಇದನ್ನು ಓದಿದಾಗ ನನಗೆ ನಗು ಬಂತು, ಆಮೇಲೆ ಬರಲಿಲ್ಲ.

1865ರಲ್ಲಿ ಮೆಲ್ಬರ್ನಿನಲ್ಲಿ ‘ದಿ ಆಸ್ಟ್ರೇಲಿಯನ್ ಜರ್ನಲ್’ ಎಂಬ ಅಗ್ಗದ ಕತೆ ಪತ್ರಿಕೆ ಶುರುವಾಯಿತು. ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಮೇರಿ ಅಲ್ಲಿ ತಳವೂರಿದಳು. 1866ರ ಜನವರಿಯಲ್ಲಿ ಬಂದ ಆಕೆಯ ಕತೆ ‘ದಿ ಡೆಡ್ ವಿಟ್ನೆಸ್’, ಅಂದರೆ ಸತ್ತ ಸಾಕ್ಷಿ. ಕಾಣೆಯಾದ ಒಬ್ಬ ತರುಣ ಫೋಟೋ ತೆಗೆಯುವವನು, ಕುರುಚಲು ಕಾಡಿನ ನಡುವೆ ಒಂದು ನೀರಿನ ಹೊಂಡ. ಹೆಣ್ಣೊಬ್ಬಳು ಬರೆದ ಮೊಟ್ಟಮೊದಲ ಪತ್ತೇದಾರಿ ಕತೆಗಳಲ್ಲಿ ಅದನ್ನೂ ಎಣಿಸುತ್ತಾರೆ. ಷರ್ಲಾಕ್ ಹೋಮ್ಸ್ ಹುಟ್ಟಿದ್ದು 1887ರಲ್ಲಿ. ಅಂದರೆ ಬೇಕರ್ ಬೀದಿಯ ಆ ಮಹಾನುಭಾವ ಪೈಪು ಕಚ್ಚುವುದಕ್ಕೆ ಇಪ್ಪತ್ತೊಂದು ವರ್ಷ ಮೊದಲೇ ಈ ಕಡೆ ಒಬ್ಬ ತಾಯಿ ಮಗನ ಹೊಟ್ಟೆಪಾಡಿಗಾಗಿ ಕೊಲೆಗಾರರನ್ನು ಹಿಡಿಯುತ್ತಿದ್ದಳು.

ಆಮೇಲೆ ನಿಲ್ಲಿಸಲಿಲ್ಲ. 1868ರಿಂದ ‘ದಿ ಡಿಟೆಕ್ಟಿವ್ಸ್ ಆಲ್ಬಮ್’ ಎಂಬ ಮಾಲಿಕೆ. ಮಾರ್ಕ್ ಸಿಂಕ್ಲೇರ್ ಎಂಬ ಪತ್ತೇದಾರ ತನ್ನ ಅನುಭವ ಹೇಳಿಕೊಳ್ಳುವ ಧಾಟಿ. ಅದು ನಡೆದದ್ದು 1908ರ ತನಕ. ನಲವತ್ತು ವರ್ಷ! ಐನೂರಕ್ಕೂ ಹೆಚ್ಚು ಕತೆ. ನಮ್ಮ ನರಸಿಂಹಯ್ಯನವರ ಲೆಕ್ಕವೂ ಐನೂರನ್ನು ದಾಟುತ್ತದೆ ಅನ್ನುವುದು ನೆನಪಾಗಿ ನಾನು ಲೈಬ್ರರಿಯಲ್ಲಿ ಒಬ್ಬಳೇ ತಲೆಯಾಡಿಸಿದೆ. ಈ ಐನೂರರಲ್ಲಿ ಪುಸ್ತಕವಾಗಿ ಕಟ್ಟಿಬಂದದ್ದು ಆಕೆಯ ಕಾಲದಲ್ಲಿ ಒಂದೇ, 1871ರಲ್ಲಿ, ಮಾಲಿಕೆಯ ಹೆಸರಲ್ಲೇ. ಆಸ್ಟ್ರೇಲಿಯಾದಲ್ಲಿ ಅಚ್ಚಾದ ಮೊದಲ ಪತ್ತೇದಾರಿ ಕತೆಗಳ ಪುಸ್ತಕ ಅದು. ಮಿಕ್ಕದ್ದೆಲ್ಲ ತಿಂಗಳ ಪತ್ರಿಕೆಯ ಜೊತೆ ಬಂತು, ಹೋಯಿತು. ಜೇಮ್ಸ್ ಸ್ಕಿಪ್ ಬೋರ್ಲೇಸ್ ಎಂಬ ಸಹ ಲೇಖಕ ಆಕೆಯ ಬರಹವನ್ನು ತನ್ನ ಹೆಸರಿನ ಪುಸ್ತಕದೊಳಕ್ಕೆ ಸೇರಿಸಿಕೊಂಡು ಲಂಡನ್ನಿನಲ್ಲಿ ಅಚ್ಚು ಹಾಕಿಸಿದ್ದೂ ಉಂಟು. ಹೆಸರಿಲ್ಲದವರ ಹೊಲಕ್ಕೆ ಬೇಲಿ ಎಲ್ಲಿಯದು?

ಇಷ್ಟಕ್ಕೂ ಕತೆಯ ಕೆಳಗೆ ಆಕೆ ಹಾಕುತ್ತಿದ್ದ ಹೆಸರು ಏನು? ‘ವೇಯ್ಫ್ ವಾಂಡರ್’. ಪತ್ತೇದಾರಿ ಕತೆಗಳಿಗೆ ಇನ್ನೂ ಚಿಕ್ಕದಾಗಿ, ಡಬ್ಲ್ಯೂ. ಡಬ್ಲ್ಯೂ., ಅಷ್ಟೇ. ವೇಯ್ಫ್ ಅಂದರೆ ದಿಕ್ಕಿಲ್ಲದ ಮಗು, ವಾಂಡರ್ ಅಂದರೆ ಅಲೆದಾಟ. ಮಗಳು ‘ಅನಾಥ ಅಲೆಮಾರಿ’ ಅಂತ ಕನ್ನಡ ಮಾಡಿದಳು. ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಕಡೆ ಹೇಳುವವರು ಕೇಳುವವರು ಇಲ್ಲದ ಮಕ್ಕಳನ್ನು ‘ಪಾಪ, ಪರದೇಶಿ’ ಅನ್ನುತ್ತೇವಲ್ಲ, ಆ ಮಾತು. ಬೇರೆ ದೇಶದವರು ಅನ್ನುವ ಅರ್ಥವೂ ಅದರಲ್ಲೇ ಇದೆ. ಬೆಲ್‌ಫಾಸ್ಟಿನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಚಿನ್ನದ ಬಯಲಿನಲ್ಲಿ ಮಗನನ್ನು ಮಣ್ಣು ಮಾಡಿದವಳಿಗೆ ಕನ್ನಡದಲ್ಲಿ ಹೆಸರಿಡುವುದಾದರೆ ಪರದೇಶಿ ಅಂತಲೇ ಇಡಬೇಕು.

ಲೈಬ್ರರಿಯಲ್ಲಿ ಆ ಪತ್ರಿಕೆಯ ಒಂದು ಹಳೆಯ ಸಂಪುಟ ನೋಡಲು ಕೋರಿಕೆ ಕೊಟ್ಟಿದ್ದೆವು. ತಂದು ಮೆತ್ತನೆಯ ದಿಂಬಿನ ಮೇಲೆ ಮಲಗಿಸಿದರು, ಬಾಣಂತಿ ಮಗುವನ್ನು ಮಲಗಿಸುವ ಹಾಗೆ. ಬೆರಳು ತಾಗಿಸಿದರೆ ಅಂಚು ಹಪ್ಪಳದಂತೆ ಮುರಿಯುತ್ತದೋ ಅನ್ನುವ ಭಯ. ಅಕ್ಷರಗಳು ಇರುವೆ ಸಾಲು. ಕಾಗದ ಉಳಿಸುವುದಕ್ಕೆ ಎಷ್ಟು ಒತ್ತೊತ್ತಾಗಿ ಜೋಡಿಸಿದ್ದಾರೆ ಅಂದರೆ ಕಣ್ಣಿಗೆ ಉಸಿರಾಡಲು ಜಾಗ ಇಲ್ಲ. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಓದಿದೆ. ಕತೆ ಮುಗಿದ ಕಡೆ, ಮೂಲೆಯಲ್ಲಿ, ಡಬ್ಲ್ಯೂ. ಡಬ್ಲ್ಯೂ. ಒಂದು ಅಕ್ಷರವನ್ನು ಎರಡು ಸಲ ಒತ್ತಿದ ಹಾಗೆ. ಮೊಳೆ ಜೋಡಿಸುವವನಿಗೆ ಇದಕ್ಕಿಂತ ಸುಲಭದ ಹೆಸರು ಸಿಕ್ಕಿರಲಾರದು.

ಆ ಸಂಪುಟ ಮಾತ್ರ ಅಚ್ಚುಕಟ್ಟಾಗಿತ್ತು. ಒಂದು ಪುಟವೂ ಕಳೆದಿಲ್ಲ, ಒಂದು ಕಲೆಯೂ ಇಲ್ಲ. ಅದೇ ನನಗೆ ಸಂಕಟವಾದದ್ದು. ಇದು ಯಾರೂ ಬಾಡಿಗೆಗೆ ಒಯ್ಯದ ಪ್ರತಿ. ನಿಜವಾಗಿ ಓದಿದ ಪ್ರತಿಗಳು ಬೇರೆ ಇದ್ದವು. ಕುರಿ ಕಾಯುವವನ ಗುಡಿಸಲಿನಲ್ಲಿ ಕೊಬ್ಬಿನ ಮೇಣದಬತ್ತಿಯ ಬೆಳಕಿಗೆ ಹಿಡಿದದ್ದು, ಗಣಿಯವನ ಡೇರೆಯಲ್ಲಿ ಒಬ್ಬರು ಓದಿ ಹತ್ತು ಜನ ಕೇಳಿದ್ದು, ಕೊನೆಗೆ ಒಲೆ ಹಚ್ಚಲು, ಚಹಾದ ಸೊಪ್ಪು ಕಟ್ಟಲು ಹೋದದ್ದು. ಅವು ಒಂದೂ ಉಳಿದಿರಲಿಕ್ಕಿಲ್ಲ. ನಮ್ಮ ಗಿರಣಿ ಪಕ್ಕದ ಅಂಗಡಿಯ ಪುಸ್ತಕಗಳೂ ಹಾಗೇ ಹೋದವು. ಯಾರೂ ಮುಟ್ಟದ ಪ್ರತಿ ಲೈಬ್ರರಿಯಲ್ಲಿ ನೂರೈವತ್ತು ವರ್ಷ ಬಾಳುತ್ತದೆ. ಪ್ರೀತಿಯಿಂದ ಓದಿದ್ದು ಓದಿದವರ ಕೈಯಲ್ಲೇ ಸವೆದು ಸಾಯುತ್ತದೆ. ನಮ್ಮ ಊರಿನ ಪುಸ್ತಕಗಳನ್ನು ಕೊಂದವರು ಯಾರು ಅಂತ ಪತ್ತೇದಾರ ಹಾಲಿನಲ್ಲಿ ಕೂಡಿಸಿ ಕೇಳಿದರೆ ನಾನೂ ದೊಡ್ಡಮ್ಮನೂ ಕೈ ಎತ್ತಬೇಕು.

ಆಕೆ ಹೆಸರನ್ನು ಯಾಕೆ ಅಷ್ಟು ಬಿಗಿಯಾಗಿ ಬಚ್ಚಿಟ್ಟಳು ಅನ್ನುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಹೆಣ್ಣಾಗಿ ಕೊಲೆ, ರಕ್ತ ಬರೆಯುವುದು ಒಂದು. ಮೊದಲ ಗಂಡ ಬದುಕಿರುವಾಗಲೇ ಎರಡನೇ ಮದುವೆ, ಅದೂ ಪೊಲೀಸಿನವನ ಜೊತೆ. ಅದು ಕಾನೂನಿಗೆ ಅಪರಾಧ. ಮದುವೆಯ ಆಚೆ ಹುಟ್ಟಿದ ಮಗ. ಸಾಲದ್ದಕ್ಕೆ ಕುಡಿತ. ನಲವತ್ತು ವರ್ಷ ಮನೆಮನೆಯ ಮೇಜಿನ ಮೇಲೆ ಬಂದು ಕೂತ ಕತೆಗಾರ್ತಿ ಇವಳು ಅಂತ ಗೊತ್ತಾದರೆ ಆ ಮನೆಗಳು ಮಾರನೇ ದಿನವೇ ಪತ್ರಿಕೆ ನಿಲ್ಲಿಸುತ್ತಿದ್ದವು. ಪತ್ರಿಕೆಯವರಿಗೆ ಗೊತ್ತಿತ್ತು, ಅವರು ಬಾಯಿ ಬಿಡಲಿಲ್ಲ.

1874ರ ಪೊಲೀಸ್ ಗೆಜೆಟ್ಟಿನ ಒಂದು ಪ್ರಕಟಣೆಯಲ್ಲಿ ಮಾತ್ರ ಆಕೆ ಪೂರ್ತಿ ಕಾಣಿಸುತ್ತಾಳೆ. ಅತ್ಯಾಚಾರದ ಮೊಕದ್ದಮೆಯೊಂದರಲ್ಲಿ ಸಾಕ್ಷಿ ಹೇಳಲು ಒಲ್ಲೆ ಅನ್ನುತ್ತಿರುವ ಮೇರಿ ಫಾರ್ಚೂನ್ ಎಂಬವಳು ಬೇಕಾಗಿದ್ದಾಳೆ. ನಲವತ್ತು ವರ್ಷ, ಎತ್ತರ, ಬಿಳಿಚಿಕೊಂಡ ಮುಖ, ತೆಳ್ಳನೆ ಮೈ. ಕಪ್ಪು ಟೋಪಿ, ಗಾಢ ಬಣ್ಣದ ಜಾಕೀಟು, ಲಂಗ. ಕಾಲಲ್ಲಿ ಪಕ್ಕಕ್ಕೆ ಎಲಾಸ್ಟಿಕ್ ಇರುವ ಹಳೆಯ ಬೂಟು. ಕುಡಿಯುತ್ತಾಳೆ, ಕುಡಿದು ಹಲವು ಸಲ ಲಾಕಪ್ಪಿಗೆ ಬಂದಿದ್ದಾಳೆ. ಪತ್ರಿಕೆಗಳಿಗೆ ಬರೆಯುತ್ತಾಳೆ. ಕಾಲಿಂಗ್‌ವುಡ್ಡಿನ ಈಸಿ ಬೀದಿಯಲ್ಲಿ ಇರುವುದಾಗಿ ಹೇಳಿದ್ದಳು.

ನಾನು ಆ ಬೂಟಿನ ಮೇಲೇ ನಿಂತುಬಿಟ್ಟೆ. ಹಳೆಯ ಬೂಟು. ಯಾವನೋ ಒಬ್ಬ ಕಾನ್ಸ್‌ಟೇಬಲ್ ಆಕೆಯನ್ನು ಅಡಿಯಿಂದ ಮುಡಿಯ ತನಕ ನೋಡಿ, ಎಲಾಸ್ಟಿಕ್ ಜೋಲುಬಿದ್ದ ಬೂಟನ್ನೂ ಬಿಡದೆ ಬರೆದುಕೊಂಡಿದ್ದಾನೆ. ಆಕೆಯ ಪತ್ತೇದಾರರೂ ಹೀಗೇ ನೋಡುವವರು. ಕತೆಯಲ್ಲಿ ಅಪರಾಧಿಯ ಬಟ್ಟೆಬರೆಯನ್ನು ಸಾಲುಸಾಲಾಗಿ ಬರೆದವಳನ್ನು ಅದೇ ಭಾಷೆಯಲ್ಲಿ, ಅದೇ ಕ್ರಮದಲ್ಲಿ, ಇನ್ನೊಬ್ಬ ಬರೆದು ಅಚ್ಚು ಹಾಕಿಸಿದ. ಎಂಟು ವರ್ಷ ಹಿಂದೆ ಸತ್ತ ಸಾಕ್ಷಿಯ ಕತೆ ಬರೆದಿದ್ದಳು. ಈಗ ತಾನೇ ಒಲ್ಲದ ಸಾಕ್ಷಿ. ಆಕೆಯದೆಂದು ತಿಳಿಯುವ ಒಂದೂ ಭಾವಚಿತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಪೊಲೀಸನ ಆ ನಾಲ್ಕು ಸಾಲೇ ಚಿತ್ರ.

ಮಗ ಜಾರ್ಜನ ಕತೆ ಚುಟುಕಾಗಿ ಹೇಳಿ ಮುಗಿಸುತ್ತೇನೆ, ಹೆಚ್ಚು ಹೇಳಲು ಮನಸ್ಸಿಲ್ಲ. ಆತ ಕಳ್ಳನಾದ. ತಿಜೋರಿ ಒಡೆಯುವುದರಲ್ಲಿ ಪಳಗಿದವ. ವರ್ಷಗಟ್ಟಲೆ ಜೈಲು. ಅಮ್ಮ ತಿಂಗಳು ತಿಂಗಳೂ ಕಾಗದದ ಮೇಲೆ ಕಳ್ಳರನ್ನು ಹಿಡಿದು ಕೊಡುತ್ತಿದ್ದಳು, ಆ ದುಡ್ಡಿನಲ್ಲಿ ಬೆಳೆದವನನ್ನು ಪೊಲೀಸರು ನಿಜವಾಗಿ ಹಿಡಿಯುತ್ತಿದ್ದರು. ಇದನ್ನು ಕಾದಂಬರಿಯಲ್ಲಿ ಬರೆದಿದ್ದರೆ ದೊಡ್ಡಮ್ಮ ‘ಅತಿಯಾಯಿತು’ ಅಂತ ಪುಸ್ತಕ ಮುಚ್ಚುತ್ತಿದ್ದರು.

1882ರಲ್ಲಿ ಆಕೆ ಅದೇ ಪತ್ರಿಕೆಯಲ್ಲಿ ಚಿನ್ನದ ಬಯಲಿನ ದಿನಗಳ ನೆನಪನ್ನು ಬರೆಯತೊಡಗಿದಳು. ಇಪ್ಪತ್ತಾರು ವರ್ಷದ ಹಿಂದಿನ ಮಾತು ಅಂತ ಹೆಸರಲ್ಲೇ ಇದೆ. ಆ ಹೊತ್ತಿಗಾಗಲೇ ಡೇರೆಗಳು ಹೋಗಿ ಊರುಗಳಾಗಿದ್ದವು, ಗುದ್ದಲಿ ಹೋಗಿ ಯಂತ್ರ ಬಂದಿತ್ತು. ಅಂದರೆ ಆಕೆಯೂ ನನ್ನ ಹಾಗೇ, ಕಳೆದುಹೋದುದನ್ನು ನೆನೆದುಕೊಂಡು ಕೂತವಳು. ಆಗಲೂ ಕೆಳಗೆ ಸ್ವಂತ ಹೆಸರು ಹಾಕಲಿಲ್ಲ.

ಬರೆಯಲು ಆಗದ ಕಾಲ ಬಂದಾಗ ಪತ್ರಿಕೆ ಆಕೆಗೆ ವರ್ಷಾಶನ ಕೊಟ್ಟಿತು. ನಾನು ಈ ಮಾತನ್ನು ಎರಡು ಸಲ ಓದಿದೆ. ನಮ್ಮಲ್ಲಿ ಮಠಗಳು, ಅರಮನೆಗಳು ವರ್ಷಾಶನ ಕೊಡುತ್ತಿದ್ದವು ಅಂತ ಕೇಳಿದ್ದೇನೆ, ಪತ್ರಿಕೆಯೊಂದು ತನ್ನ ಕತೆಗಾರ್ತಿಗೆ ಕೊಟ್ಟದ್ದನ್ನು ಕೇಳಿರಲಿಲ್ಲ. 1911ರಲ್ಲಿ ತೀರಿಕೊಂಡಾಗ ಮಣ್ಣು ಮಾಡಿಸಿದ್ದೂ ಪತ್ರಿಕೆಯವರೇ. ಆದರೆ ಬೇರೆಯವರ ಸಮಾಧಿಯಲ್ಲಿ. ಕಲ್ಲಿನ ಮೇಲೂ ಹೆಸರಿಲ್ಲ. ಆ ಪತ್ರಿಕೆ ಆಕೆಯ ನಂತರವೂ ಅರ್ಧ ಶತಮಾನ ನಡೆದು, 1962ರಲ್ಲಿ ನಿಂತಿತು.

ಆಮೇಲೆ ಮರೆವು. 1950ರ ದಶಕದಲ್ಲಿ ಮೆಲ್ಬರ್ನಿನ ಪುಸ್ತಕ ಸಂಗ್ರಾಹಕ ಜೆ.ಕೆ. ಮೋಯರ್ ಅವರ ಕೈಗೆ ಆಕೆಯ ಕೈಬರಹ ಸಿಕ್ಕಿ, ವೇಯ್ಫ್ ವಾಂಡರ್ ಅಂದರೆ ಮಿಸೆಸ್ ಫಾರ್ಚೂನ್ ಅಂತ ಗೊತ್ತಾಯಿತು. ಯಾವ ಫಾರ್ಚೂನ್? 1980ರ ದಶಕದಲ್ಲಿ ಲೂಸಿ ಸಸೆಕ್ಸ್ ಎಂಬ ಲೇಖಕಿ ಆ ಎಳೆ ಹಿಡಿದು ಹೊರಟರು. ಜನನ ಮರಣದ ಪುಸ್ತಕ, ಹಡಗಿನ ಪಟ್ಟಿ, ಪೊಲೀಸ್ ಗೆಜೆಟ್ಟು, ಜೈಲಿನ ದಾಖಲೆ, ಆಕೆಯದೇ ಕತೆಗಳೊಳಗೆ ಬಿದ್ದಿದ್ದ ಸುಳಿವುಗಳು. 1989ರಲ್ಲಿ ಆಕೆಯ ಬರಹಗಳ ಒಂದು ಆಯ್ಕೆ ಹೊರತಂದರು. ಸತ್ತದ್ದು ಯಾವಾಗ, ಮಣ್ಣು ಮಾಡಿದ್ದು ಎಲ್ಲಿ ಅನ್ನುವುದು ಸಿಗಲು ಇನ್ನೂ ಬಹಳ ವರ್ಷ ಹಿಡಿಯಿತು. ಐನೂರು ಕತೆಗಳ ಕೊನೆಯ ಪುಟ ಬರೆದವಳ ಬದುಕಿನ ಕೊನೆಯ ಪುಟ ಅಷ್ಟು ದಿನ ಕಳೆದುಹೋಗಿತ್ತು.

ಓದುತ್ತ ಓದುತ್ತ ನಂಜನಗೂಡು ತಿರುಮಲಾಂಬಾ ನೆನಪಾದರು. 1887ರಲ್ಲಿ ಹುಟ್ಟಿದ ಬಾಲವಿಧವೆ. 1913ರಲ್ಲಿ ಸತೀ ಹಿತೈಷಿಣಿ ಗ್ರಂಥಮಾಲೆ ಶುರು ಮಾಡಿದರು, ಆಮೇಲೆ ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ಅವರು ಹೆಸರು ಬಚ್ಚಿಟ್ಟವರಲ್ಲ, ರಾಜಾರೋಷವಾಗಿ ಪುಸ್ತಕದ ಮೇಲೆ ಹಾಕಿಕೊಂಡವರು. ಆದರೂ ಮದರಾಸಿಗೆ ಹೋಗಿ ನೆಲೆಸಿದ ಮೇಲೆ ನಾವು ಅವರನ್ನು ಮರೆತೆವು. ಅವರು 1982ರ ತನಕ ಬದುಕಿದ್ದರು! ನಾನು ಆಗ ಕಾಲೇಜು ಮುಗಿಸಿದ್ದೆ. ಕನ್ನಡದ ಮೊದಲ ಸಾಲಿನ ಕಾದಂಬರಿಕಾರ್ತಿ ರೈಲಿನಲ್ಲಿ ಒಂದು ರಾತ್ರಿಯ ದೂರದಲ್ಲಿ ಇದ್ದರು, ನಮಗೆ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಅಂದಮೇಲೆ ಹೆಸರು ಬಚ್ಚಿಟ್ಟದ್ದೇ ಮರೆವಿಗೆ ಕಾರಣ ಅಂತ ಮೇರಿಯ ಮೇಲೆ ತಪ್ಪು ಹೊರಿಸುವುದು ಹೇಗೆ?

ಹೊರಡುವ ವಾರ ಮಗಳನ್ನು ಒತ್ತಾಯ ಮಾಡಿ ಈಸಿ ಬೀದಿಗೆ ಕರೆದುಕೊಂಡು ಹೋದೆ. ಸ್ಮಿತ್ ಬೀದಿಯಲ್ಲಿ 86ನೇ ನಂಬರ್ ಟ್ರಾಮಿನಿಂದ ಇಳಿದು ಬಲಕ್ಕೋ ಎಡಕ್ಕೋ ತಿರುಗಿದ ನೆನಪು. ಒಂದು ಕಟ್ಟಡದ ತಾರಸಿಯ ಮೇಲೆ ಹಳೆಯ ರೈಲು ಬೋಗಿಗಳನ್ನು ಎತ್ತಿ ಕೂಡಿಸಿ, ಅದರೊಳಗೆ ಹೋಟೆಲು ಮಾಡಿದ್ದಾರೆ. ಗೋಡೆಗಳ ತುಂಬ ಬಣ್ಣದ ಚಿತ್ರ. ಹುಡುಗರು ಬರ್ಗರ್ ತಿನ್ನುತ್ತಿದ್ದರು. ಇದೇ ಬೀದಿಯಲ್ಲಿ 1977ರಲ್ಲಿ ಇಬ್ಬರು ಹೆಣ್ಣುಮಕ್ಕಳ ಕೊಲೆಯಾಗಿ, ದಶಕಗಟ್ಟಲೆ ಯಾರನ್ನೂ ಹಿಡಿಯಲಾಗಲಿಲ್ಲ ಅಂತ ಮಗಳು ಹೇಳಿದಳು. ಇಲ್ಲಿನವರಿಗೆ ಈಸಿ ಬೀದಿ ಅಂದರೆ ಆ ಕೊಲೆ. ಹಳೆ ಬೂಟು ಹಾಕಿಕೊಂಡು ಇದೇ ಬೀದಿಯಲ್ಲಿ ಓಡಾಡಿದ ಕತೆಗಾರ್ತಿಯ ನೆನಪಿಗೆ ಒಂದು ಫಲಕ ಇದೆಯೇ ಅಂತ ಎರಡೂ ಬದಿ ನೋಡುತ್ತ ನಡೆದೆ. ನನಗೆ ಕಾಣಲಿಲ್ಲ. ಚಿಕ್ಕ ಚಿಕ್ಕ ಹಳೆಯ ಮನೆಗಳು, ಬಾಗಿಲಿಗೆ ಅಂಟಿಕೊಂಡೇ ರಸ್ತೆ. ಯಾವ ಕಿಟಕಿ, ಯಾವ ಮೇಜು, ಯಾರನ್ನು ಕೇಳುವುದು?

ತಿಪಟೂರಿನ ನಮ್ಮ ಗೂಡಂಗಡಿಯ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ. ಗಿರಣಿಯೂ ಇಲ್ಲ. ಅಂಗಡಿ ಮುಚ್ಚಿದಾಗ ಪುಸ್ತಕಗಳನ್ನು ತೂಕಕ್ಕೆ ಹಾಕಿದರು ಅಂತ ತಮ್ಮ ಹೇಳಿದ್ದ. ಕೊಳ್ಳುವವನು ರಟ್ಟು ಬೇರೆ, ಕಾಗದ ಬೇರೆ ಮಾಡಿ ತೂಗಿದನಂತೆ. ರಟ್ಟಿಗೆ ರೇಟು ಜಾಸ್ತಿ. ನಾನು ಊರಿನಲ್ಲಿ ಇರಲಿಲ್ಲ. ಇದ್ದಿದ್ದರೂ ಏನು ಮಾಡುತ್ತಿದ್ದೆ, ಆ ಹೊತ್ತಿಗೆ ನಾನೂ ಟಿ.ವಿ. ಮುಂದೆ ಕೂತವಳೇ.

ವಾಪಸು ಬರುವಾಗ ಟ್ರಾಮಿನಲ್ಲಿ ಜಾಗ ಸಿಕ್ಕಿತು. ಕಂಡಕ್ಟರ್ ಇಲ್ಲದ ಗಾಡಿ. ಕಾರ್ಡು ಮುಟ್ಟಿಸಿದರೆ ಪೀಪ್ ಅನ್ನುತ್ತದೆ. ನರಸಿಂಹಯ್ಯನವರು ಇಲ್ಲಿ ಹುಟ್ಟಿದ್ದರೆ ಏನು ಕೆಲಸ ಮಾಡುತ್ತಿದ್ದರೋ ಅಂತ ಯೋಚಿಸುತ್ತಿದ್ದೆ. ಮಗಳು ಫೋನು ಕೆಳಗಿಟ್ಟು, ‘ಅಮ್ಮ, ಆ ಕಾಫಿ ತೋಟದ ಕತೆಯಲ್ಲಿ ಕೊಲೆ ಮಾಡಿದ್ದು ಯಾರು ಅಂದ್ರು ದೊಡ್ಡಜ್ಜಿ?’ ಅಂದಳು.

‘ಅಡಿಗೆಯವನು.’

‘ಯಾಕೆ?’

‘ಸಾಯೋ ಹೊತ್ತಲ್ಲಿ ಯಜಮಾನ ಕುಡಿದ ಹಾಲು ಬಿಸಿಯಾಗಿತ್ತಂತೆ. ಅಷ್ಟು ಹೊತ್ತಿಗೆ ಒಲೆ ಹಚ್ಚೋಕೆ ಗಂಡಸರಿಗೆ ಬರಲ್ಲ, ಅಡಿಗೆಯವನೊಬ್ಬನಿಗೆ ಬರುತ್ತೆ ಅಂದರು.’

ಮಗಳು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದಳು. ‘ಚಾನ್ಸೇ ಇಲ್ಲ ಬಿಡು. ಡಾಕ್ಟರ್ ಇದ್ದನಲ್ಲ, ಅವನ ಹತ್ರ ಸ್ಪಿರಿಟ್ ಸ್ಟೌ ಇರುತ್ತೆ. ಸೂ‌ಜಿ ಕುದಿಸೋಕೆ.’

ಐವತ್ತು ವರ್ಷದಲ್ಲಿ ಇದು ನನಗಾಗಲಿ ದೊಡ್ಡಮ್ಮನಿಗಾಗಲಿ ಹೊಳೆದಿರಲಿಲ್ಲ. ಬೋರ್ಕ್ ಬೀದಿ ಬರುವ ತನಕ ವಾದ ಮಾಡಿದೆವು. ಇಳಿಯಬೇಕಾದ ಸ್ಟಾಪು ದಾಟಿತ್ತು.